ನೀರು ಹೆಪ್ಪುಗಟ್ಟಿದಾಗ ಬಂಡೆ ಒಡೆಯುವುದೇಕೆ? ಮಣ್ಣಿನ ಹುಟ್ಟಿನಲ್ಲಿ ಅದರ ಪಾತ್ರವೇನು?

ಬೇಸಾಯಕ್ಕೆ ಮಣ್ಣೇ ತಳಹದಿ. ಇಂದು ನೇಗಿಲಿಗೆ ಸಿಗುವ ಈ ಮೆತ್ತನೆಯ ಮಣ್ಣು ಒಂದು ಕಾಲಕ್ಕೆ ಗಟ್ಟಿ ಬಂಡೆಯಾಗಿತ್ತು. ಸುತ್ತಿಗೆಗೂ ಸುಲಭವಾಗಿ ಬಗ್ಗದ ಬಂಡೆ ಹಿಟ್ಟಿನಂತಹ ಮಣ್ಣಾದುದು ಹೇಗೆ? ಬಿಸಿಲು, ಗಾಳಿ, ಮಳೆ, ಗಿಡಮರಗಳ ಬೇರು, ಕಣ್ಣಿಗೆ ಕಾಣದ ಜೀವಿಗಳು ಇವೆಲ್ಲವೂ ಈ ಕೆಲಸದಲ್ಲಿ ಪಾಲುಗೊಂಡಿವೆ. ಈ ಕ್ರಿಯೆಗೆ ಶಿಲಾ ಶಿಥಿಲೀಕರಣ ಎಂದು ಹೆಸರು. ಚಳಿ ದೇಶಗಳಲ್ಲಿಯೂ ಎತ್ತರದ ಪರ್ವತಗಳಲ್ಲಿಯೂ ಇವುಗಳ ಜೊತೆಗೆ ಇನ್ನೊಂದು ಬಲವಾದ ಶಕ್ತಿ ಕೆಲಸ ಮಾಡುತ್ತದೆ. ಅದೇ ಹೆಪ್ಪುಗಟ್ಟುವ ನೀರು.

ಕರ್ನಾಟಕದಲ್ಲಿ ಬಂಡೆ ಒಡೆಯುವಷ್ಟು ಚಳಿ ಇಲ್ಲ. ಹಾಗಿದ್ದರೂ ಈ ಕ್ರಿಯೆಯನ್ನು ಇಲ್ಲಿಯ ರೈತರು ತಿಳಿಯುವುದರಿಂದ ಪ್ರಯೋಜನವಿದೆ. ಒಂದೇ ಜಾತಿಯ ಕಲ್ಲು ಚಳಿ ಪ್ರದೇಶದಲ್ಲಿ ಏನಾಗುತ್ತದೆ, ಬಿಸಿ ಪ್ರದೇಶದಲ್ಲಿ ಏನಾಗುತ್ತದೆ ಎಂದು ಹೋಲಿಸಿ ನೋಡಿದಾಗ, ಹೊಲದ ಮಣ್ಣಿನಲ್ಲಿ ನಿಜವಾಗಿ ಬೆಲೆಯುಳ್ಳ ಭಾಗ ಯಾವುದು, ಅದು ಎಷ್ಟು ನಿಧಾನವಾಗಿ ಹುಟ್ಟುತ್ತದೆ, ಎಷ್ಟು ಬೇಗ ಕೊಚ್ಚಿಹೋಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ನೀರಿನ ವಿಚಿತ್ರ ಗುಣ

ಬಹುಪಾಲು ವಸ್ತುಗಳು ತಣ್ಣಗಾದಂತೆಲ್ಲ ಕುಗ್ಗುತ್ತವೆ. ನೀರೂ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಹಾಗೆಯೇ ಕುಗ್ಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ಅದು ಮತ್ತೆ ಹಿಗ್ಗತೊಡಗುತ್ತದೆ. ಶೂನ್ಯ ಡಿಗ್ರಿಯಲ್ಲಿ ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ನೂರು ಲೀಟರ್ ನೀರು ಹೆಪ್ಪುಗಟ್ಟಿದರೆ ಅದಕ್ಕೆ ಸುಮಾರು 109 ಲೀಟರ್ ಜಾಗ ಬೇಕು. ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೂ ಇದೇ ಕಾರಣ.

ಹೀಗೇಕೆ ಆಗುತ್ತದೆ? ನೀರು ದ್ರವವಾಗಿರುವಾಗ ಅದರ ಅಣುಗಳು ಒಂದರ ಪಕ್ಕ ಒಂದು ಒತ್ತಾಗಿ ಸರಿದಾಡುತ್ತಿರುತ್ತವೆ. ಹೆಪ್ಪುಗಟ್ಟುವಾಗ ಅವು ಆರು ಮೂಲೆಯ ಜೇನುಹುಟ್ಟಿನಂತಹ ಕಟ್ಟಿನಲ್ಲಿ ನಿಲ್ಲುತ್ತವೆ. ಈ ಕಟ್ಟಿನ ನಡುವೆ ಬರಿ ಜಾಗ ಹೆಚ್ಚು. ಆದುದರಿಂದ ಅಷ್ಟೇ ತೂಕದ ಮಂಜುಗಡ್ಡೆ ಹೆಚ್ಚು ಸ್ಥಳವನ್ನು ಹಿಡಿಯುತ್ತದೆ. ಗಾಜಿನ ಬಾಟಲಿಯಲ್ಲಿ ಕಂಠಮಟ್ಟ ನೀರು ತುಂಬಿ ಬಿರಡೆ ಬಿಗಿದು ಫ್ರಿಜ್ಜಿನ ಮಂಜುಗಡ್ಡೆಯ ಕೋಣೆಯಲ್ಲಿಟ್ಟರೆ ಅದು ಒಡೆಯುವುದನ್ನು ಹಲವರು ನೋಡಿರಬಹುದು. ಚಳಿ ಪ್ರದೇಶಗಳಲ್ಲಿ ನಲ್ಲಿಯ ಕಬ್ಬಿಣದ ಕೊಳವೆಗಳೇ ಚಳಿಗಾಲದಲ್ಲಿ ಸೀಳುತ್ತವೆ.

ಹಿಗ್ಗಲು ಎಲ್ಲಿಯೂ ಜಾಗವಿಲ್ಲದಂತೆ ನೀರನ್ನು ಬಂಧಿಸಿ ಹೆಪ್ಪುಗಟ್ಟಿಸಿದರೆ ಹುಟ್ಟುವ ಒತ್ತಡ ಅಗಾಧ. ಶೂನ್ಯಕ್ಕಿಂತ 22 ಡಿಗ್ರಿ ಕೆಳಗೆ ಅದು ಲೆಕ್ಕದ ಪ್ರಕಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2,100 ಕಿಲೋಗ್ರಾಂ ಮುಟ್ಟಬಹುದು. ಗ್ರಾನೈಟ್ ಕಲ್ಲನ್ನು ಮೇಲಿನಿಂದ ಒತ್ತಿದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ ಸಾವಿರ ಕಿಲೋಗ್ರಾಂಗೂ ಮೀರಿದ ಭಾರವನ್ನು ತಾಳಬಲ್ಲುದು. ಆದರೆ ಅದನ್ನು ಎರಡೂ ಕಡೆಯಿಂದ ಎಳೆದರೆ ತಾಳುವುದು ಸಾಮಾನ್ಯವಾಗಿ 100ರಿಂದ 200 ಕಿಲೋಗ್ರಾಂನ ಆಸುಪಾಸಿನಲ್ಲಿ ಮಾತ್ರ. ಎಲ್ಲ ಕಲ್ಲುಗಳೂ ಒತ್ತುವ ಭಾರಕ್ಕೆ ಗಟ್ಟಿ, ಎಳೆಯುವ ಬಲಕ್ಕೆ ದುರ್ಬಲ. ಬಿರುಕಿನೊಳಗಿನ ಮಂಜುಗಡ್ಡೆ ಕಲ್ಲನ್ನು ಒಳಗಿನಿಂದ ಹೊರಕ್ಕೆ ತಳ್ಳುವುದರಿಂದ ಕಲ್ಲಿನ ಈ ದುರ್ಬಲ ಭಾಗಕ್ಕೇ ಪೆಟ್ಟು ಬೀಳುತ್ತದೆ.

ಕಲ್ಲು ಒಡೆಯುವವರಿಗೆ ಈ ತತ್ವ ಬಹಳ ಹಿಂದಿನಿಂದ ಗೊತ್ತು. ಹಂಪಿಯ ಬಂಡೆಗಳ ಮೇಲೆ ಇಂದಿಗೂ ಸಾಲಾಗಿ ಕಾಣುವ ಚೌಕ ತೂತುಗಳು ಬೆಣೆ ಹೊಡೆದ ಗುರುತುಗಳು. ಬಂಡೆಯನ್ನು ಜಜ್ಜುವುದಕ್ಕಿಂತ, ಗೆರೆಯೊಂದರ ಉದ್ದಕ್ಕೂ ಬೆಣೆಯಿಟ್ಟು ಸೀಳುವುದು ಸುಲಭ. ಮಂಜುಗಡ್ಡೆಯೂ ಒಂದು ಬೆಣೆಯೇ.

ಹಿಗ್ಗುವಿಕೆಯೊಂದೇ ಸಾಲದು

ಬಿರುಕಿನಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಿರುಕು ಅಗಲವಾಗುತ್ತದೆ, ಹಗಲು ಕರಗಿದ ನೀರು ಇನ್ನೂ ಆಳಕ್ಕೆ ಇಳಿಯುತ್ತದೆ, ಮರುರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಶಾಲಾ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಇದು ತಪ್ಪಲ್ಲ, ಆದರೆ ಅಪೂರ್ಣ.

ಮೊದಲನೆಯದಾಗಿ, ಬಿರುಕು ಒಂದು ಕಡೆ ಬಾಯಿ ತೆರೆದಿರುತ್ತದೆ. ಹಿಗ್ಗುವ ಮಂಜುಗಡ್ಡೆ ಆ ಬಾಯಿಯ ಮೂಲಕ ಹೊರಕ್ಕೆ ಉಬ್ಬಬಹುದು. ಎರಡನೆಯದಾಗಿ, ಕಲ್ಲಿನ ರಂಧ್ರಗಳು ಪೂರ್ತಿ ತುಂಬಿರುವುದು ಕಡಿಮೆ. ರಂಧ್ರದ ಶೇಕಡಾ 91ಕ್ಕಿಂತ ಕಡಿಮೆ ಭಾಗದಲ್ಲಿ ನೀರಿದ್ದರೆ ಉಳಿದ ಗಾಳಿಯ ಜಾಗವೇ ಹಿಗ್ಗುವಿಕೆಗೆ ಸಾಕಾಗುತ್ತದೆ. ಆದರೂ ಅಂತಹ ಕಲ್ಲುಗಳೂ ಚಳಿಯಲ್ಲಿ ಒಡೆಯುತ್ತವೆ. ಹಾಗಾದರೆ ಬೇರೆ ಕಾರಣವೂ ಇರಲೇಬೇಕು.

ಈ ಕಾರಣದ ಸುಳಿವು ಮೊದಲು ಸಿಕ್ಕಿದ್ದು ಮಣ್ಣಿನಲ್ಲಿ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಚಳಿಯಲ್ಲಿ ನೆಲ ಉಬ್ಬುವುದನ್ನು ಕುರಿತು 1930ರ ಆಸುಪಾಸಿನಲ್ಲಿ ಪ್ರಯೋಗ ನಡೆಸಿದರು. ನೀರಿನ ಬದಲಿಗೆ ಬೆಂಜೀನ್ ಎಂಬ ದ್ರವವನ್ನು ಮಣ್ಣಿಗೆ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಅಂದರೆ ಉಬ್ಬುವಿಕೆಗೆ ಮುಖ್ಯ ಕಾರಣ ದ್ರವ ಹಿಗ್ಗುವುದಲ್ಲ, ಹೆಪ್ಪುಗಟ್ಟುವ ಜಾಗದ ಕಡೆಗೆ ಹೊಸದಾಗಿ ದ್ರವ ಹರಿದುಬರುವುದು ಎಂದು ಗೊತ್ತಾಯಿತು.

ಇದು ನಡೆಯುವ ಬಗೆ ಹೀಗೆ. ಕಲ್ಲಿನ ಕಣಕ್ಕೂ ಮಂಜುಗಡ್ಡೆಗೂ ನಡುವೆ ನೀರಿನ ಅತಿ ತೆಳುವಾದ ಪೊರೆಯೊಂದು ಇರುತ್ತದೆ. ಶೂನ್ಯಕ್ಕಿಂತ ಹಲವು ಡಿಗ್ರಿ ಕೆಳಗಿಳಿದರೂ ಈ ಪೊರೆ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುತ್ತದೆ. ಬಂಡೆಯ ಒಳಭಾಗ ಹೊರಮೈಗಿಂತ ಬೆಚ್ಚಗಿರುವುದರಿಂದ ಅಲ್ಲಿ ನೀರು ದ್ರವರೂಪದಲ್ಲಿರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲಕ್ಕೆ ತರುವಂತೆ, ಈ ಪೊರೆಯ ಮೂಲಕ ನೀರು ತಣ್ಣನೆಯ ಮಂಜುಗಡ್ಡೆಯ ಕಡೆಗೆ ಸೆಳೆಯಲ್ಪಡುತ್ತದೆ. ಬಂದ ನೀರು ಅಲ್ಲಿ ಹೆಪ್ಪುಗಟ್ಟಿ ಮಂಜುಗಡ್ಡೆಯ ಬೆಣೆಗೆ ಸೇರಿಕೊಳ್ಳುತ್ತದೆ. ಬೆಣೆ ದಿನದಿನಕ್ಕೂ ದಪ್ಪವಾಗುತ್ತಾ ಬಿರುಕನ್ನು ಅಗಲಿಸುತ್ತದೆ. ಒಮ್ಮೆ ಹೊಡೆದು ಬಿಡುವ ಸುತ್ತಿಗೆಗಿಂತ, ತಿಂಗಳುಗಟ್ಟಲೆ ನಿಧಾನವಾಗಿ ತಿರುಗಿಸುವ ಜಾಕಿಗೆ ಇದು ಹೆಚ್ಚು ಹತ್ತಿರ.

ಈ ತತ್ವವನ್ನು ಬಂಡೆಗೆ ಅನ್ವಯಿಸಿ ವಾಲ್ಡರ್ ಮತ್ತು ಹ್ಯಾಲೆಟ್ ಎಂಬ ಅಮೆರಿಕದ ವಿಜ್ಞಾನಿಗಳು 1985ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರ ಪ್ರಕಾರ ಶೂನ್ಯಕ್ಕಿಂತ 4 ಡಿಗ್ರಿಯಿಂದ 15 ಡಿಗ್ರಿಯವರೆಗೆ ಕೆಳಗಿನ ಉಷ್ಣತೆಯಲ್ಲಿ ಬಂಡೆ ಅತ್ಯಂತ ಚೆನ್ನಾಗಿ ಸೀಳುತ್ತದೆ. ಅದಕ್ಕಿಂತ ಬೆಚ್ಚಗಿದ್ದರೆ ಬೆಣೆಗೆ ಸಾಕಷ್ಟು ಬಲವಿಲ್ಲ. ಅದಕ್ಕಿಂತ ತೀರ ತಣ್ಣಗಾದರೆ ನೀರಿನ ಪೊರೆ ತೆಳ್ಳಗಾಗಿ ಹೊಸ ನೀರು ಹರಿದುಬರುವುದು ನಿಂತುಹೋಗುತ್ತದೆ. ಮರ್ಟನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಲ್ಲಿನ ದೊಡ್ಡ ತುಂಡುಗಳೊಳಗೆ ಮಂಜುಗಡ್ಡೆಯ ಪದರಗಳು ಹೀಗೆ ಬೆಳೆದು ಬಿರುಕು ಮೂಡಿಸುವುದು ಕಂಡುಬಂದಿದೆ.

ಒಟ್ಟಿನಲ್ಲಿ ಬಂಡೆ ಒಡೆಯಲು ನಾಲ್ಕು ಅಂಶಗಳು ಕೂಡಿಬರಬೇಕು:

1. ನೀರು ಇಳಿಯುವಂತಹ ಬಿರುಕು ಇಲ್ಲವೆ ರಂಧ್ರ.
2. ಮಂಜುಗಡ್ಡೆಯ ಬೆಣೆಗೆ ಬಂದು ಸೇರುತ್ತಿರುವ ತೇವ.
3. ಶೂನ್ಯಕ್ಕಿಂತ ಕೆಲವು ಡಿಗ್ರಿ ಕೆಳಗಿನ ಉಷ್ಣತೆ.
4. ಈ ಸ್ಥಿತಿ ಸಾಕಷ್ಟು ಕಾಲ ನಿಲ್ಲುವುದು.

ಇವುಗಳಲ್ಲಿ ಒಂದು ತಪ್ಪಿದರೂ ಕೆಲಸ ಕುಂಠಿತವಾಗುತ್ತದೆ. ಬರಿಯ ಚಳಿಯೊಂದರಿಂದಲೇ ಒಣಗಿದ ಬಂಡೆ ಹೀಗೆ ಸೀಳದು.

ಲಡಾಖಿನ ಬೆಟ್ಟಗಳಲ್ಲಿ

ಈ ಕ್ರಿಯೆಯನ್ನು ನಮ್ಮ ದೇಶದಲ್ಲಿಯೇ ನೋಡಬೇಕಾದರೆ ಲಡಾಖಿಗೆ ಹೋಗಬೇಕು. ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವರ್ಷದ ಮಳೆ ಮತ್ತು ಹಿಮ ಎರಡೂ ಸೇರಿ ಸುಮಾರು 100 ಮಿಲಿಮೀಟರ್ ಮಾತ್ರ. ಚಳಿಗಾಲದ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ, ಕೆಲವೊಮ್ಮೆ 20 ಡಿಗ್ರಿಯಷ್ಟು. ಪಟ್ಟಣದ ಉತ್ತರಕ್ಕಿರುವ ಲಡಾಖ್ ಪರ್ವತಶ್ರೇಣಿ ಬಹುಪಾಲು ಗ್ರಾನೈಟ್ ಜಾತಿಯ ಶಿಲೆ. ಕರ್ನಾಟಕದ ದಕ್ಷಿಣ ಭಾಗದ ಬೆಟ್ಟಗಳ ಶಿಲೆಗೆ ಇದು ದೂರದ ಸೋದರನಿದ್ದಂತೆ.

ಕಣಿವೆಗಳಲ್ಲಿ ಮಳೆ ಕಡಿಮೆಯಾದರೂ ಎತ್ತರದ ಶಿಖರಗಳಲ್ಲಿ ಹಿಮ ಬೀಳುತ್ತದೆ. ಅದು ಕರಗಿದ ನೀರು ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಬಿಸಿಲಿಗೆ ಮುಖ ಮಾಡಿದ ಇಳಿಜಾರುಗಳಲ್ಲಿ ವಸಂತ ಮತ್ತು ಶರತ್ಕಾಲದ ಹಲವು ದಿನಗಳಲ್ಲಿ ನೀರು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ನೆರಳಿನ ಇಳಿಜಾರುಗಳಲ್ಲಿ ಚಳಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಒಂದು ರಾತ್ರಿಯ ಚಳಿ ಬಂಡೆಯ ಹೊರಮೈಯಿಂದ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಅದು ಚಿಕ್ಕ ಚಕ್ಕೆಗಳನ್ನು ಎಬ್ಬಿಸುತ್ತದೆ. ಇಡೀ ಚಳಿಗಾಲದ ಶೀತ ಮೀಟರುಗಳಷ್ಟು ಆಳಕ್ಕಿಳಿದು ದೊಡ್ಡ ಹಾಸುಗಲ್ಲುಗಳನ್ನೇ ಸಡಿಲಗೊಳಿಸುತ್ತದೆ.

ಮಂಜುಗಡ್ಡೆ ಇರುವವರೆಗೆ ಅದೇ ಒಂದು ಬಗೆಯ ಗಾರೆಯಾಗಿ ಸೀಳಿದ ಕಲ್ಲನ್ನು ಹಿಡಿದಿರುತ್ತದೆ. ಕರಗಿದೊಡನೆ ಹಿಡಿತ ತಪ್ಪುತ್ತದೆ, ಕಲ್ಲು ಉರುಳುತ್ತದೆ. ಆದುದರಿಂದಲೇ ಹಿಮಾಲಯದ ದಾರಿಗಳಲ್ಲಿ ಮಂಜು ಕರಗುವ ಕಾಲಕ್ಕೆ ಕಲ್ಲು ಬೀಳುವುದು ಹೆಚ್ಚು. ಹೀಗೆ ಬಿದ್ದ ಚೂಪು ಕಲ್ಲುಗಳು ಬೆಟ್ಟದ ಬುಡದಲ್ಲಿ ಕಣದಲ್ಲಿ ರಾಶಿ ಹಾಕಿದಂತೆ ಬೀಳುತ್ತವೆ. ರಾಗಿಯ ರಾಶಿಗೆ ಒಂದು ಸಹಜವಾದ ಇಳಿಜಾರು ಇರುವಂತೆ ಈ ಕಲ್ಲುರಾಶಿಗೂ ಸಾಮಾನ್ಯವಾಗಿ 30ರಿಂದ 38 ಡಿಗ್ರಿಯ ಇಳಿಜಾರು ಇರುತ್ತದೆ.

ಈ ರಾಶಿಗಳಿಂದ ಅಪಾಯವೂ ಇದೆ. 2010ರ ಆಗಸ್ಟ್ ಮೊದಲ ವಾರದಲ್ಲಿ ಲೇಹ್ ಸುತ್ತಮುತ್ತ ಒಂದೇ ರಾತ್ರಿ ಸುರಿದ ಕುಂಭದ್ರೋಣ ಮಳೆಗೆ ಇಳಿಜಾರಿನ ಸಡಿಲ ಕಲ್ಲುಮಣ್ಣು ಕೆಸರಿನ ಹೊಳೆಯಾಗಿ ಹರಿದು ಮನೆಗಳನ್ನೂ ಹೊಲಗಳನ್ನೂ ಹೂತುಹಾಕಿತು. ಹಲವು ಜನ ಪ್ರಾಣ ಕಳೆದುಕೊಂಡರು.

ಪುಡಿಯಾದ ಕಲ್ಲೆಲ್ಲ ಮಣ್ಣಲ್ಲ

ಲಡಾಖಿನ ರೈತ ಬೇಸಾಯ ಮಾಡುವುದು ಬಹುಮಟ್ಟಿಗೆ ಈ ಒಡೆದ ಕಲ್ಲಿನ ಮೇಲೆ. ತೊರೆಗಳು ಹೊತ್ತು ತಂದು ಬೀಸಣಿಗೆಯ ಆಕಾರದಲ್ಲಿ ಹರಡಿದ ಕಲ್ಲು, ಮರಳು, ರೇವೆಯೇ ಅವನ ಹೊಲ. ಈ ಮಣ್ಣಿನಲ್ಲಿ ಮರಳು ಮತ್ತು ಗರಸು ಹೆಚ್ಚು, ಜೇಡಿ ಕಡಿಮೆ, ಸಾವಯವ ಅಂಶ ಇನ್ನೂ ಕಡಿಮೆ. ನೀರು ನಿಲ್ಲದೆ ಇಂಗಿಹೋಗುತ್ತದೆ. ಹಾಕಿದ ಗೊಬ್ಬರದ ಸತ್ವವೂ ನೀರಿನೊಡನೆ ಇಳಿದುಹೋಗುತ್ತದೆ.

ಇದಕ್ಕೆ ಕಾರಣವನ್ನು ಅರಿಯುವುದು ಮುಖ್ಯ. ಮಂಜುಗಡ್ಡೆ ಕಲ್ಲನ್ನು ಒಡೆಯುತ್ತದೆಯೇ ಹೊರತು ಅದರ ಗುಣವನ್ನು ಬದಲಿಸುವುದಿಲ್ಲ. ದೊಡ್ಡ ಗ್ರಾನೈಟ್ ಚಿಕ್ಕ ಗ್ರಾನೈಟ್ ಆಗುತ್ತದೆ, ಕೊನೆಗೆ ಅದರ ಖನಿಜಗಳ ಮರಳೂ ರೇವೆಯೂ ಆಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಬೆಳೆಗೆ ಬೇಕಾದ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವುದು ಜೇಡಿಯ ಕಣಗಳು. ಜೇಡಿ ಎಂದರೆ ಬರಿಯ ಸಣ್ಣ ಪುಡಿಯಲ್ಲ, ಅದು ಹೊಸದೊಂದು ಖನಿಜ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಎಂಬ ಖನಿಜದ ಮೇಲೆ ನೀರು ಮತ್ತು ಅದರಲ್ಲಿ ಕರಗಿದ ಇಂಗಾಲಾಮ್ಲವು ಬಹುಕಾಲ ಕೆಲಸ ಮಾಡಿ, ಪೊಟ್ಯಾಷ್, ಸೋಡಿಯಂ, ಸುಣ್ಣದ ಅಂಶಗಳನ್ನು ಕರಗಿಸಿ ಒಯ್ದ ಮೇಲೆ ಉಳಿದದ್ದು ಮರುಜೋಡಣೆಯಾಗಿ ಜೇಡಿಯಾಗುತ್ತದೆ. ಇದು ರಾಸಾಯನಿಕ ಶಿಥಿಲೀಕರಣ. ಇದಕ್ಕೆ ತೇವ ಬೇಕು, ಬೆಚ್ಚನೆಯ ಹವೆ ಬೇಕು, ಕಾಲ ಬೇಕು. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ರಾಸಾಯನಿಕ ಕ್ರಿಯೆಯ ವೇಗ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತದೆ. ಲಡಾಖಿನ ಒಣ ಚಳಿಯಲ್ಲಿ ಈ ಕ್ರಿಯೆ ಬಹಳ ಮಂದ.

ಹಾಗೆಂದು ಒಡೆಯುವಿಕೆ ವ್ಯರ್ಥವೇನಲ್ಲ. ಒಡೆದಷ್ಟೂ ಕಲ್ಲಿನ ಮೈ ಹೆಚ್ಚುತ್ತದೆ. ಒಂದು ಸೆಂಟಿಮೀಟರ್ ಅಳತೆಯ ಘನಾಕಾರದ ಕಲ್ಲಿನ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಸಾವಿರ ತುಂಡು ಮಾಡಿದರೆ ಒಟ್ಟು ಹೊರಮೈ 60 ಚದರ ಸೆಂಟಿಮೀಟರ್. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣಗೆ ಮಾಡಿದರೆ 600 ಚದರ ಸೆಂಟಿಮೀಟರ್. ನೀರು ಮತ್ತು ಆಮ್ಲ ಕೆಲಸ ಮಾಡುವುದು ಮೈಯ ಮೇಲೆಯೇ ಆದುದರಿಂದ, ಒಡೆಯುವ ಕೆಲಸವು ಮುಂದಿನ ರಾಸಾಯನಿಕ ಕೆಲಸಕ್ಕೆ ದಾರಿ ಮಾಡಿಕೊಡುತ್ತದೆ.

ಲಡಾಖಿನ ರೈತರು ತಮ್ಮ ಮಣ್ಣಿನ ಕೊರತೆಯನ್ನು ದುಡಿಮೆಯಿಂದ ತುಂಬಿಕೊಂಡಿದ್ದಾರೆ. ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮೆಟ್ಟಿಲು ಹೊಲ ಮಾಡಿದ್ದಾರೆ. ನೀರುಗಾಲುವೆಯ ಬಗ್ಗಡದೊಡನೆ ಬರುವ ನುಣ್ಣನೆಯ ರೇವೆ ವರ್ಷವರ್ಷವೂ ಹೊಲದಲ್ಲಿ ಕೂರುತ್ತದೆ. ದನಕುರಿಗಳ ಗೊಬ್ಬರ, ಒಣ ಪಾಯಿಖಾನೆಯಲ್ಲಿ ಮಣ್ಣು ಬೆರೆಸಿ ಕಳಿಸಿದ ಗೊಬ್ಬರ ಇವನ್ನು ತಪ್ಪದೆ ಹೊಲಕ್ಕೆ ಹೊರುತ್ತಾರೆ. ಹೀಗೆ ತಲೆಮಾರುಗಳ ಕಾಲ ಸಾಕಿದ ಹೊಲದಲ್ಲಿ ಬಾರ್ಲಿ, ಬಟಾಣಿ ಮತ್ತು ಲೂಸರ್ನ್ ಎಂಬ ಕುದುರೆಮಸಾಲೆ ಬೆಳೆಯುತ್ತವೆ. ಝನ್ಸ್ಕಾರ್ ಕಣಿವೆಯಲ್ಲಿ ವಸಂತ ಬರುತ್ತಿದ್ದಂತೆ ಹೊಲದ ಹಿಮದ ಮೇಲೆ ಮಣ್ಣು ಎರಚುವ ರೂಢಿಯೂ ಇದೆ. ಕಪ್ಪು ಮಣ್ಣು ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ, ಬಿತ್ತನೆಗೆ ಕೆಲವು ದಿನ ಉಳಿಯುತ್ತವೆ.

ಕಲ್ಲೊಡೆಯುವ ಮಂಜುಗಡ್ಡೆಯನ್ನೇ ನೀರಾವರಿಗೆ ಬಳಸಿದ ಉದಾಹರಣೆಯೂ ಅಲ್ಲಿದೆ. ಚೆವಾಂಗ್ ನಾರ್ಫೆಲ್ ಎಂಬ ಎಂಜಿನಿಯರರು ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ತೊರೆಯ ನೀರನ್ನು ಹಳ್ಳಿಯ ಮೇಲಿನ ನೆರಳಿನ ಕಣಿವೆಗಳಲ್ಲಿ ಕಲ್ಲುಕಟ್ಟೆಗಳ ಹಿಂದೆ ತೆಳುವಾಗಿ ನಿಲ್ಲಿಸಿ ಹೆಪ್ಪುಗಟ್ಟಿಸುವ ವಿಧಾನ ರೂಪಿಸಿದರು. ಬಿತ್ತನೆಯ ಕಾಲಕ್ಕೆ ಅದು ಕರಗಿ ಹೊಲಕ್ಕೆ ಬರುತ್ತದೆ. ಈ ಕೆಲಸಕ್ಕಾಗಿ ಅವರಿಗೆ 2015ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕರ್ನಾಟಕದ ಬಂಡೆ ಮಣ್ಣಾದ ಬಗೆ

ದಕ್ಷಿಣದಲ್ಲಿ ನೀಲಗಿರಿಯ ಉದಕಮಂಡಲದಂತಹ ಎತ್ತರದ ಸ್ಥಳಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಹಾದ ಚಿಗುರು, ಆಲೂಗೆಡ್ಡೆಯ ಎಲೆ ಸುಡುವುದುಂಟು. ಆದರೆ ಅದು ಬೆಳಗಿನ ಬಿಸಿಲಿಗೆ ಕರಗಿಬಿಡುತ್ತದೆ, ಬಂಡೆಯೊಳಗೆ ಇಳಿಯುವುದಿಲ್ಲ. ಕರ್ನಾಟಕದ ಬಯಲುಸೀಮೆಯಲ್ಲಿ ಅಷ್ಟೂ ಇಲ್ಲ. ಇಲ್ಲಿ ಕಲ್ಲನ್ನು ಮಣ್ಣು ಮಾಡಿದ್ದು ಮುಖ್ಯವಾಗಿ ಬೆಚ್ಚನೆಯ ನೀರು.

ಎರಡು ಕಡೆಯ ಕಲ್ಲನ್ನು ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಲಡಾಖಿನ ಒಡೆದ ಕಲ್ಲು ಚೂಪು, ಮೂಲೆಮೂಲೆಯಾಗಿರುತ್ತದೆ. ಹಂಪಿಯ ಬಂಡೆಗಳು ಗುಂಡಗಿರುತ್ತವೆ. ಅಲ್ಲಿಯ ಗ್ರಾನೈಟಿನಲ್ಲಿ ಅಡ್ಡ, ಉದ್ದ, ಮೇಲೆ ಕೆಳಗೆ ಹಾಯ್ದ ಬಿರುಕುಗಳಿದ್ದವು. ನೆಲದೊಳಗೆ ಆ ಬಿರುಕುಗಳಲ್ಲಿ ನೀರು ಹರಿಯಿತು. ಕಲ್ಲಿನ ಮೂಲೆಗೆ ಮೂರು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ ನೀರು ತಗುಲಿದ್ದರಿಂದ ಮೂಲೆಗಳು ಮೊದಲು ಕೊಳೆತು ಕಲ್ಲು ಗುಂಡಗಾಯಿತು. ಸುತ್ತಲಿನ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಮೇಲೆ ಉಳಿದವು. ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ.

ಕೋಲಾರ, ತುಮಕೂರು ಕಡೆಯ ಯಾವುದೇ ತೆರೆದ ಬಾವಿಯ ಗೋಡೆಯಲ್ಲಿ ಈ ಕಥೆಯನ್ನು ಮೇಲಿನಿಂದ ಕೆಳಕ್ಕೆ ನೋಡಬಹುದು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಗುದ್ದಲಿಗೆ ಬಗ್ಗುವ ಕೊಳೆತ ಕಲ್ಲು, ಕೊನೆಗೆ ಸಿಡಿಮದ್ದಿಗಷ್ಟೇ ಬಗ್ಗುವ ಬಂಡೆ. ಗರಸನ್ನು ಒಂದು ಹಿಡಿ ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ಬಿಳಿಯ ಚುಕ್ಕೆಗಳು ಪುಡಿಯಾಗಿ ಹಿಟ್ಟಿನಂತೆ ಅಂಟಿದರೆ ಅದು ಜೇಡಿಯಾಗುತ್ತಿರುವ ಫೆಲ್ಡ್‌ಸ್ಪಾರ್. ಪುಡಿಯಾಗದೆ ಕೈಗೆ ಒತ್ತುವ ಹರಳು ಬೆಣಚುಕಲ್ಲು; ಇದು ಕೊನೆಗೂ ಮರಳಾಗಿಯೇ ಉಳಿಯುತ್ತದೆ. ಮಿನುಗುವ ಪೊರೆ ಕಾಗೆಬಂಗಾರ ಅಥವಾ ಅಭ್ರಕ. ಕಪ್ಪು ಅಭ್ರಕದಂತಹ ಖನಿಜಗಳಲ್ಲಿರುವ ಕಬ್ಬಿಣ ತುಕ್ಕು ಹಿಡಿಯುವುದರಿಂದಲೇ ಮಣ್ಣಿಗೆ ಕೆಂಪು ಬಣ್ಣ. ಅಭ್ರಕ ಮತ್ತು ಫೆಲ್ಡ್‌ಸ್ಪಾರ್ ಕರಗಿದಂತೆಲ್ಲ ಪೊಟ್ಯಾಷ್ ಸ್ವಲ್ಪಸ್ವಲ್ಪವಾಗಿ ಬೆಳೆಗೆ ಸಿಗುತ್ತದೆ.

ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಎರೆ ಭೂಮಿಯ ಮೂಲ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಿಂದ ಉಕ್ಕಿ ಹರಿದು ಗಟ್ಟಿಯಾದ ಬೆಸಾಲ್ಟ್ ಎಂಬ ಕಪ್ಪುಕಲ್ಲು ಅಲ್ಲಿದೆ. ಇದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣ, ಮೆಗ್ನೀಷಿಯಂ, ಕಬ್ಬಿಣ ಹೆಚ್ಚು. ಆದುದರಿಂದ ಅದು ಬಹುಪಾಲು ಜೇಡಿಯಾಗಿಯೇ ಕೊಳೆಯುತ್ತದೆ. ಆ ಜೇಡಿಯೂ ನೀರು ಕುಡಿದು ಹಿಗ್ಗುವ ಜಾತಿಯದು. ಕೆಂಪು ಮಣ್ಣಿನ ಜೇಡಿಗಿಂತ ಅದು ಹಲವು ಪಟ್ಟು ಹೆಚ್ಚು ಪೋಷಕಾಂಶಗಳನ್ನು ಹಿಡಿದಿಡಬಲ್ಲುದು.

ಬೇರುಗಳ ಪಾತ್ರವನ್ನೂ ಮರೆಯುವಂತಿಲ್ಲ. ಬಂಡೆಯ ಬಿರುಕಿನಲ್ಲಿ ಬೆಳೆದ ಆಲ, ಬಸರಿಯ ಬೇರು ಮಂಜುಗಡ್ಡೆಯಂತೆಯೇ ಬೆಣೆಯಾಗುತ್ತದೆ. ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವು ಆಮ್ಲಗಳನ್ನು ಸೂಸಿ ಕಲ್ಲನ್ನು ಕರಗಿಸುತ್ತದೆ. ಮಂಜುಗಡ್ಡೆಗೆ ತೀರ ಸಮೀಪದ ಇನ್ನೊಂದು ಶಕ್ತಿ ಉಪ್ಪು. ಹಳೆಯ ಮನೆಗಳ ಗೋಡೆಯ ಬುಡದಲ್ಲಿ ತೇವ ಏರಿ, ಬಿಳಿ ಉಪ್ಪು ಮೂಡಿ, ಗಾರೆ ಉದುರುವುದು ಸಾಮಾನ್ಯ ನೋಟ. ಅಲ್ಲಿ ಉಪ್ಪಿನ ಹರಳುಗಳು ರಂಧ್ರಗಳೊಳಗೆ ಬೆಳೆದು ಇಟ್ಟಿಗೆ, ಕಲ್ಲನ್ನು ಒಳಗಿನಿಂದ ತಳ್ಳುತ್ತವೆ. ಚಳಿ ದೇಶದಲ್ಲಿ ಮಂಜುಗಡ್ಡೆಯ ಹರಳು ಮಾಡುವ ಕೆಲಸವನ್ನು ಬಿಸಿ ದೇಶದಲ್ಲಿ ಉಪ್ಪಿನ ಹರಳು ಮಾಡುತ್ತದೆ.

ಮಾಗಿ ಉಳುಮೆಗೂ ಇದಕ್ಕೂ ನಂಟು

ಯುರೋಪಿನ ರೈತರು ಜೇಡಿ ಹೊಲವನ್ನು ಚಳಿಗಾಲಕ್ಕೆ ಮುಂಚೆ ಉತ್ತು ದೊಡ್ಡ ಹೆಂಟೆಗಳನ್ನು ಹಾಗೆಯೇ ಬಿಡುತ್ತಾರೆ. ಹೆಂಟೆಯೊಳಗಿನ ನೀರು ಹೆಪ್ಪುಗಟ್ಟಿ ಕರಗಿ ಅವನ್ನು ಪುಡಿ ಮಾಡುತ್ತದೆ. ಕರ್ನಾಟಕದ ರೈತರು ಮಾಗಿ ಉಳುಮೆ ಮಾಡಿ ಹೆಂಟೆಗಳನ್ನು ಬಿಸಿಲಿಗೆ ಬಿಡುತ್ತಾರೆ. ಇಲ್ಲಿ ಮಂಜುಗಡ್ಡೆಯ ಬದಲು ಬಿಸಿಲು ಹೆಂಟೆಯನ್ನು ಒಣಗಿಸಿ ಬಿರಿಯುತ್ತದೆ, ಮುಂಗಾರಿಗೆ ಮೊದಲಿನ ಮಳೆ ಅದನ್ನು ನೆನೆಸಿ ಹಿಗ್ಗಿಸಿ ಅರಳಿಸುತ್ತದೆ. ಎರೆ ಮಣ್ಣಿನಲ್ಲಿ ಈ ಕ್ರಿಯೆ ಅತ್ಯಂತ ಚೆನ್ನಾಗಿ ನಡೆಯುತ್ತದೆ. ಎರಡೂ ಕಡೆ ತತ್ವ ಒಂದೇ: ಎತ್ತುಗಳ ಮತ್ತು ಆಳಿನ ಶ್ರಮವನ್ನು ಹವೆಯ ಕೈಯಿಂದ ಮಾಡಿಸಿಕೊಳ್ಳುವುದು.

ನಿಧಾನವಾಗಿ ಹುಟ್ಟಿದ್ದು ಬೇಗ ಹೋಗುತ್ತದೆ

ಈಗ ಲೆಕ್ಕಕ್ಕೆ ಬರೋಣ. ಒಂದು ಹೆಕ್ಟೇರಿನ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಮಣ್ಣು ಎಂದರೆ 100 ಘನ ಮೀಟರ್. ಘನ ಮೀಟರಿಗೆ 1.4 ಟನ್ನಿನಂತೆ ಅದರ ತೂಕ 140 ಟನ್. ಎಕರೆಗೆ ಸುಮಾರು 56 ಟನ್. ಇಷ್ಟು ಮಣ್ಣು ಬಂಡೆಯಿಂದ ಹುಟ್ಟಲು ಹಲವು ನೂರು ವರ್ಷ, ಗಟ್ಟಿ ಶಿಲೆಯಾದರೆ ಸಾವಿರಕ್ಕೂ ಹೆಚ್ಚು ವರ್ಷ ಬೇಕು.

ಮಳೆನೀರಿನೊಡನೆ ಕೊಚ್ಚಿಹೋಗುವುದೆಷ್ಟು? 1983ರಲ್ಲಿ ಧ್ರುವನಾರಾಯಣ ಮತ್ತು ರಾಮ್ ಬಾಬು ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸರಾಸರಿ ಪ್ರತಿ ಹೆಕ್ಟೇರಿನಿಂದ ವರ್ಷಕ್ಕೆ 16.35 ಟನ್ ಮಣ್ಣು ಸವೆಯುತ್ತದೆ. ಇದು ಸುಮಾರು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ಆದರೆ ಇದೇ ಪ್ರಮಾಣದಲ್ಲಿ ಸವೆದರೆ ಒಂದು ಸೆಂಟಿಮೀಟರ್ ಮಣ್ಣು ಒಂಬತ್ತು ವರ್ಷದೊಳಗೆ ಮುಗಿಯುತ್ತದೆ. ಉದಾರವಾಗಿ, ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಹುಟ್ಟುತ್ತದೆ ಎಂದುಕೊಂಡರೂ ಆದಾಯ ಹೆಕ್ಟೇರಿಗೆ ವರ್ಷಕ್ಕೆ 1.4 ಟನ್, ಖರ್ಚು ಅದರ ಹನ್ನೊಂದು ಪಟ್ಟಿಗೂ ಹೆಚ್ಚು.

ತೂಕದ ನಷ್ಟಕ್ಕಿಂತ ಗುಣದ ನಷ್ಟ ದೊಡ್ಡದು. ಹರಿಯುವ ನೀರು ಮೊದಲು ಒಯ್ಯುವುದು ಹಗುರವಾದ ಜೇಡಿಯನ್ನೂ ಸಾವಯವ ಅಂಶವನ್ನೂ. ಮರಳು, ಗರಸು ಹಿಂದೆ ಉಳಿಯುತ್ತವೆ. ಅಂದರೆ ಹುಟ್ಟಲು ಅತಿ ಹೆಚ್ಚು ಕಾಲ ಬೇಕಾದದ್ದೇ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಇಳಿಜಾರಿನ ಹೊಲದಲ್ಲಿ ಗರಸು ಎದ್ದು ಕಾಣತೊಡಗಿದರೆ, ಆ ಹೊಲ ಲಡಾಖಿನ ಕಲ್ಲುಪುಡಿಯ ಸ್ಥಿತಿಗೆ ಹಿಂದಿರುಗುತ್ತಿದೆ ಎಂದೇ ತಿಳಿಯಬೇಕು.

ರೈತರು ಮಾಡಬೇಕಾದುದು

1. ಉಳುಮೆ, ಬಿತ್ತನೆ, ಎಡೆಕುಂಟೆ ಎಲ್ಲವನ್ನೂ ಇಳಿಜಾರಿಗೆ ಅಡ್ಡಲಾಗಿ ಮಾಡಬೇಕು. ಮಾಗಿ ಉಳುಮೆಗೂ ಈ ನಿಯಮ ತಪ್ಪಬಾರದು. ಇಳಿಜಾರಿನ ಉದ್ದಕ್ಕೆ ಹೊಡೆದ ಒಂದೊಂದು ಸಾಲೂ ಮೊದಲ ಮಳೆಗೆ ಕಾಲುವೆಯಾಗುತ್ತದೆ.

2. ಸಮಪಾತಳಿ ಬದುಗಳನ್ನು ಹಾಕಿ, ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ ಇಡಬೇಕು. ಬದುವಿನ ಮೇಲೆ ಲಾವಂಚದ ಸಾಲು ನೆಟ್ಟರೆ ಅದು ಹರಿಯುವ ನೀರನ್ನು ಸೋಸಿ ಮಣ್ಣನ್ನು ಹಿಡಿಯುತ್ತದೆ. ಗುಂಡ್ಲುಪೇಟೆ ಕಡೆ ಹೊಲದ ಅಂಚಿಗೆ ಲಾವಂಚ ಬೆಳೆಸುವ ಹಳೆಯ ರೂಢಿ ಅನುಕರಣೀಯ.

3. ಜೋರು ಮಳೆಯ ತಿಂಗಳುಗಳಲ್ಲಿ ನೆಲ ಬರಿದಾಗಿರಬಾರದು. ರಾಗಿಯೊಡನೆ ಅವರೆ, ತೊಗರಿಯ ಅಕ್ಕಡಿ ಸಾಲು, ಬರಿದಾದ ಹೊಲದಲ್ಲಿ ಹುರುಳಿ ಮುಂತಾದವು ಮಳೆಹನಿಯ ಪೆಟ್ಟನ್ನು ತಡೆಯುತ್ತವೆ.

4. ಯಂತ್ರದಿಂದ ಭೂಮಿ ಮಟ್ಟ ಮಾಡಿಸುವಾಗ ಮೇಲಿನ 15ರಿಂದ 20 ಸೆಂಟಿಮೀಟರ್ ಮಣ್ಣನ್ನು ಮೊದಲು ಒಂದು ಕಡೆ ತೆಗೆದಿರಿಸಿ, ಮಟ್ಟವಾದ ಮೇಲೆ ಮತ್ತೆ ಹರಡಬೇಕು. ಹೀಗೆ ಮಾಡದಿದ್ದರೆ ಗರಸು ಮೇಲಕ್ಕೆ ಬಂದು, ಮಣ್ಣು ಕೆಳಕ್ಕೆ ಹೂತುಹೋಗುತ್ತದೆ. ಆಳವಿಲ್ಲದ ಕೆಂಪು ಮಣ್ಣಿನಲ್ಲಿ ಗರಸು ಮೇಲೇಳುವಷ್ಟು ಆಳವಾಗಿ ಉಳಬಾರದು.

5. ಕೆರೆಗೋಡು ಎಂದರೆ ಮೇಲಿನ ಹೊಲಗಳಿಂದ ಹೋದ ಜೇಡಿ ಮತ್ತು ರೇವೆಯೇ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದನ್ನು ತಂದು ಗರಸು, ಮರಳು ಹೊಲಗಳಿಗೆ ಹರಡುವುದು ಲಾಭಕರ. ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಉಪ್ಪಿನ ಅಂಶ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

6. ಗರಸು ಭೂಮಿಯಲ್ಲಿ ಮಾವು, ಹುಣಸೆ, ಸೀತಾಫಲ ಹಾಕುವಾಗ ಗುಂಡಿ ತೆಗೆದು ಕೆಲವು ವಾರ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಬೇರುಗಳು ಕೊಳೆತ ಕಲ್ಲಿನೊಳಗೆ ಇಳಿಯಲು ಇದರಿಂದ ಅನುಕೂಲ.

7. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳನ್ನು ಬಿಡಬಾರದು. ಜೇಡಿ ಕಡಿಮೆಯಿರುವ ಮಣ್ಣಿನಲ್ಲಿ ನೀರು, ಪೋಷಕಾಂಶ ಹಿಡಿಯುವ ಕೆಲಸದ ಬಹುಭಾಗವನ್ನು ಸಾವಯವ ಅಂಶವೇ ಮಾಡುತ್ತದೆ. ಜೇಡಿಯನ್ನು ಹುಟ್ಟಿಸುವುದು ಯಾವ ರೈತನಿಂದಲೂ ಆಗದು. ಸಾವಯವ ಅಂಶವನ್ನು ಹೆಚ್ಚಿಸುವುದು ಪ್ರತಿಯೊಬ್ಬನಿಂದಲೂ ಆಗುತ್ತದೆ.

ಹಿಮಾಲಯದಲ್ಲಿ ಮಂಜುಗಡ್ಡೆಯೂ ದಕ್ಷಿಣದಲ್ಲಿ ಬೆಚ್ಚನೆಯ ನೀರೂ ಯುಗಯುಗಗಳ ಕಾಲ ದುಡಿದು ಬಂಡೆಯನ್ನು ಮಣ್ಣು ಮಾಡಿವೆ. ಬೆಳೆ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಬೆಳೆದುಕೊಳ್ಳಬಹುದು. ಹೋದ ಮಣ್ಣು ಮಾತ್ರ ಮಕ್ಕಳ ಕಾಲಕ್ಕಾಗಲಿ ಮೊಮ್ಮಕ್ಕಳ ಕಾಲಕ್ಕಾಗಲಿ ಮತ್ತೆ ಹುಟ್ಟಿ ಬಾರದು. ಆದುದರಿಂದ ರೈತ ಬಾಂಧವರು ಬರುವ ಮುಂಗಾರಿಗೆ ಮುಂಚೆಯೇ ತಮ್ಮ ಹೊಲದ ಬದು, ಕೋಡಿಗಳನ್ನು ಒಮ್ಮೆ ಸುತ್ತಿ ನೋಡಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.